‘ಕೆರೆಗೆ ಹಾರ’: ಅರ್ಥ ಮತ್ತು ರಾಷ್ಟ್ರೀಯ ಮಹತ್ವ — ಬೀದರ ನೆಲದಿಂದ ಒಂದು ವಿವೇಚನೆ

೧

ಕನ್ನಡದ ಜನಪದ ಕಥನಗೀತಗಳಲ್ಲಿ ‘ಕೆರೆಗೆ ಹಾರ’ಕ್ಕೆ ದೊರೆತಷ್ಟು ಆದರ ದೊರೆತ ಪದಗಳು ವಿರಳ. ಗೋವಿನ ಹಾಡನ್ನು ಬಿಟ್ಟರೆ, ಓದುಬರಹ ಬಲ್ಲವರೂ ಬಾರದವರೂ ಒಂದೇ ಸಮನಾಗಿ ಬಲ್ಲ ಹಾಡು ಇದೇ ಎಂದರೆ ತಪ್ಪಾಗಲಾರದು. ಬೀಸುವ ಕಲ್ಲಿನ ಮುಂದೆ ಹುಟ್ಟಿ ಬೆಳೆದ ಸಂಪ್ರದಾಯದ ಈ ಪದವು ಪಠ್ಯಪುಸ್ತಕವನ್ನು ಹೊಕ್ಕಿತು, ರಂಗಸ್ಥಳವನ್ನು ಏರಿತು, ವಿದ್ವಾಂಸರ ಚರ್ಚೆಗೆ ವಸ್ತುವಾಯಿತು. ಇಷ್ಟಾದರೂ ಅದರ ಅರ್ಥವೇನೆಂಬ ವಿಷಯದಲ್ಲಿ ಒಮ್ಮತವಿಲ್ಲ. ಊರಿನ ಹಿತಕ್ಕಾಗಿ ಪ್ರಾಣವನ್ನೇ ಒಪ್ಪಿಸಿದ ಕುಲವಧುವಿನ ತ್ಯಾಗಗೀತವಿದು ಎಂದು ಒಂದು ಪಕ್ಷ. ಮನೆಯವರೆಲ್ಲ ಸೇರಿ ಸೊಸೆಯೊಬ್ಬಳನ್ನು ಕೊಂದ ಕಥೆಯಿದು ಎಂದು ಇನ್ನೊಂದು ಪಕ್ಷ.

ಇದು ಕೇವಲ ಸಾಹಿತ್ಯದ ರುಚಿಭೇದವಲ್ಲ. ನಾಡು ತನ್ನದೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ಹಾಡಿನಲ್ಲಿ ತ್ಯಾಗವನ್ನು ಕಾಣುತ್ತದೆಯೋ ಕೊಲೆಯನ್ನು ಕಾಣುತ್ತದೆಯೋ ಎಂಬುದರ ಮೇಲೆ, ನಾಡು ತನ್ನ ಜನರಿಂದ ಏನನ್ನು ಕೇಳಲು ತನಗೆ ಹಕ್ಕಿದೆಯೆಂದು ತಿಳಿದಿದೆ ಎಂಬುದೂ ವ್ಯಕ್ತವಾಗುತ್ತದೆ. ಆದುದರಿಂದ ಪ್ರಕೃತ ಲೇಖನದಲ್ಲಿ ಪದದ ರಚನೆಯನ್ನೇ ಆಧಾರವಾಗಿಟ್ಟುಕೊಂಡು ಅದರ ಅರ್ಥವನ್ನು ಮೊದಲು ವಿಚಾರಿಸಿ, ಅನಂತರ ಅದರ ರಾಷ್ಟ್ರೀಯ ಮಹತ್ವವೆಂಬುದು ಯಾವ ಬಗೆಯದೆಂಬುದನ್ನು ನಿರ್ಧರಿಸಲು ಯತ್ನಿಸುತ್ತೇವೆ. ಬೀದರ, ಭಾಲ್ಕಿ, ಔರಾದಗಳ ಕಡೆಯಿಂದ ಈ ಪದವನ್ನು ನೋಡಲು ಕಾರಣವಿದೆ. ನೀರಿನ ಕಥೆಗಳೂ ಬಲಿದಾನದ ಕಥೆಗಳೂ ಈ ನೆಲದಲ್ಲಿ ಬೇರೆ ಬೇರೆ ರೂಪಗಳಲ್ಲಿ ಉಳಿದುಬಂದಿವೆ. ಅವುಗಳ ಪಕ್ಕದಲ್ಲಿಟ್ಟು ನೋಡಿದಾಗ ಪದದ ಅರ್ಥ ಹೆಚ್ಚು ನಿಚ್ಚಳವಾಗುತ್ತದೆಂದು ನಮ್ಮ ನಂಬಿಕೆ.

೨

ಕಥೆ ಸರ್ವವಿದಿತ, ಮುಂದಿನ ವಿವೇಚನೆಗೆ ಬೇಕಾದಷ್ಟನ್ನು ಮಾತ್ರ ಇಲ್ಲಿ ನೆನೆಯೋಣ. ಕಲ್ಲನಕೇರಿಯ ಮಲ್ಲನಗೌಡನು ಕೆರೆಯೊಂದನ್ನು ಕಟ್ಟಿಸುತ್ತಾನೆ. ಕೆರೆಯಲ್ಲಿ ಹನಿ ನೀರೂ ಬೀಳುವುದಿಲ್ಲ. ಹೊತ್ತಿಗೆ ತೆಗೆಸಿ ನೋಡಿದಾಗ ಮನೆಯ ಸೊಸೆಯನ್ನು ಕೆರೆಗೆ ಕೊಡಬೇಕೆಂಬ ಉತ್ತರ ಬರುತ್ತದೆ. ಹಿರಿಯ ಸೊಸೆ ಹೋದರೆ ಮನೆಯ ಹಿರಿತನ ಕೆಡುತ್ತದೆಂದು ಲೆಕ್ಕ ಹಾಕಿ ಕಿರಿಯ ಸೊಸೆ ಭಾಗೀರಥಿಯನ್ನು ಕೊಡಲು ನಿಶ್ಚಯಿಸುತ್ತಾರೆ. ಅವಳ ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ. ವಿಷಯ ತಿಳಿದ ಭಾಗೀರಥಿ ತವರಿಗೆ ಹೋಗುತ್ತಾಳೆ, ಅಲ್ಲಿ ನಿಜವನ್ನು ಹೇಳದೆ ಗೆಳತಿಯ ಬಳಿ ಮಾತ್ರ ಹೇಳಿಕೊಳ್ಳುತ್ತಾಳೆ, ಮರಳಿ ಬರುತ್ತಾಳೆ. ಗಂಗೆಯ ಪೂಜೆ ಮುಗಿಸಿ ಎಲ್ಲರೂ ಹಿಂದಿರುಗಿದ ಮೇಲೆ ಬಂಗಾರದ ಬಟ್ಟಲನ್ನು ಅಲ್ಲಿಯೇ ಮರೆತು ಬಂದುದು ನೆನಪಾಗುತ್ತದೆ. ಹಿರಿಯರು ಹೋಗಲೊಲ್ಲರು, ಕಿರಿಯಳು ಹೋಗುತ್ತಾಳೆ. ಬಟ್ಟಲನ್ನು ತೆಗೆದುಕೊಂಡು ಮೆಟ್ಟಿಲು ಏರುತ್ತಿರುವಾಗ ನೀರು ಪಾದದಿಂದ ಮೇಲೇರುತ್ತ ಬಂದು ಅವಳನ್ನು ನುಂಗುತ್ತದೆ. ದಂಡಿನಲ್ಲಿ ಕೆಟ್ಟ ಕನಸು ಕಂಡ ಗಂಡ ಕುದುರೆಯೇರಿ ಬರುತ್ತಾನೆ. ಮನೆಯಲ್ಲಿ ಸುಳ್ಳನ್ನೂ ಗೆಳತಿಯ ಮನೆಯಲ್ಲಿ ನಿಜವನ್ನೂ ಕೇಳಿ, ಕೆರೆಯ ದಂಡೆಯಲ್ಲಿ ಅತ್ತು, ತಾನೂ ಕೆರೆಗೆ ಹಾರಿಕೊಳ್ಳುತ್ತಾನೆ.

ಪದದ ಹೆಸರೇ ಮೊದಲು ವಿಚಾರಾರ್ಹ. ‘ಹಾರ’ವೆಂದರೆ ಹೂವಿನ ಮಾಲೆಯೆಂದು ಕೇಳಿದವರು ತಟ್ಟನೆ ತಿಳಿಯುತ್ತಾರೆ. ಆದರೆ ‘ಕೆರೆಗೆ ಆಹಾರ’ ಎಂಬುದೇ ಆಡುಮಾತಿನಲ್ಲಿ ಸಂಕೋಚಗೊಂಡು ‘ಕೆರೆಗ್ಹಾರ’ವಾಗಿದೆಯೆಂದು ಹೇಳುವುದೇ ಕಥೆಗೆ ಒಪ್ಪುತ್ತದೆ, ಕೆರೆಗೆ ಉಣಿಸಿದ ತುತ್ತು ಎಂದು ಅದರ ತಾತ್ಪರ್ಯ. ಮಾಲೆಯೆಂಬ ಅರ್ಥವಾದರೂ ಪೂರ್ತಿ ತೊಲಗುವುದಿಲ್ಲ. ತುತ್ತೆಂಬ ಅರ್ಥವು ನಡೆದ ಸಂಗತಿಯನ್ನು ಹೇಳುತ್ತದೆ. ಮಾಲೆಯೆಂಬ ಅರ್ಥವು ಅದನ್ನು ಮುಚ್ಚಿ ಅಲಂಕರಿಸುತ್ತದೆ. ಈ ಪದದ ಬಗೆಗೆ ಹುಟ್ಟಿದ ಎರಡು ಪಕ್ಷಗಳೂ ಒಂದೇ ಶಬ್ದದ ಎರಡು ಅರ್ಥಗಳಲ್ಲಿ ಆಗಲೇ ಅಡಗಿವೆ.

ವ್ಯಕ್ತಿನಾಮಗಳೂ ಹೀಗೆಯೇ ಅರ್ಥಗರ್ಭಿತವಾಗಿವೆ. ಭಾಗೀರಥಿಯೆಂದರೆ ಗಂಗೆ. ಪುರಾಣದ ಭಗೀರಥನು ತನ್ನ ತಪಸ್ಸಿನಿಂದ ಗಂಗೆಯನ್ನು ತಂದನು. ಬೇರೊಬ್ಬರ ದೇಹವನ್ನು ಅದಕ್ಕೆ ಬೆಲೆಯಾಗಿ ತೆರಲಿಲ್ಲ. ಮಹಾದೇವನು ಗಂಗೆಯ ರಭಸವನ್ನು ತನ್ನ ತಲೆಯ ಮೇಲೆ ತಾಳಿದನು. ಇಲ್ಲಿ ಮಾದೇವನೆಂಬ ಹೆಸರಿನ ಗಂಡನು ಗಂಗೆಯೆಂಬ ಹೆಸರಿನ ಹೆಂಡತಿಯನ್ನು ತಾಳಲಾರದೆ ಅವಳಲ್ಲಿಯೇ ಮುಳುಗುತ್ತಾನೆ. ಪುರಾಣದ ಕ್ರಮವನ್ನು ಪದವು ತಲೆಕೆಳಗು ಮಾಡಿದೆ. ಹಾಡಿದ ಹೆಂಗಸರು ಇದನ್ನು ತಿಳಿದು ಮಾಡಿದರೋ ಇಲ್ಲವೋ ಎಂಬ ಪ್ರಶ್ನೆ ಇಲ್ಲಿ ಅನಾವಶ್ಯಕ. ಪರಂಪರೆ ಈ ಹೆಸರುಗಳನ್ನು ಉಳಿಸಿಕೊಂಡಿತೆಂಬುದೇ ಸಾಕು.

೩

ಈ ಪದದಲ್ಲಿ ಅತ್ಯಂತ ಮಹತ್ವದ ಸಂಗತಿಯೆಂದರೆ ಭಾಗೀರಥಿಗೆ ಎಲ್ಲವೂ ಮೊದಲೇ ತಿಳಿದಿರುವುದು. ತಿಳಿದ ಮೇಲೆ ಅವಳು ಮಾಡುವುದೇನು? ತವರಿಗೆ ಹೋಗುತ್ತಾಳೆ. ಬಾಡಿದ ಮುಖವನ್ನು ಕಂಡು ಹಡೆದವರು ಕಾರಣ ಕೇಳುತ್ತಾರೆ. ಅತ್ತೆಮಾವಂದಿರು ತನ್ನನ್ನು ಬೇರೆ ಇಡುತ್ತಾರಂತೆ ಎಂದು ಮಾತ್ರ ಹೇಳುತ್ತಾಳೆ. ತಂದೆ ಹೊಲಮನೆ ಕೊಡಿಸುವೆನೆನ್ನುತ್ತಾನೆ. ತಾಯಿ ಒಡವೆ ಕೊಡಿಸುವೆನೆನ್ನುತ್ತಾಳೆ. ಅವರ ಪ್ರೀತಿಯಲ್ಲಿ ಕೊರತೆಯಿಲ್ಲ. ಆದರೆ ಮಗಳ ದುಃಖವೆಂದರೆ ಆಸ್ತಿಯ ದುಃಖವೇ ಎಂದು ಆ ಪ್ರೀತಿ ತಿಳಿದಿದೆ. ಅದನ್ನು ಮೀರಿದ ಪ್ರಶ್ನೆಯನ್ನು ಕೇಳಲು ಅದಕ್ಕೆ ಭಾಷೆಯಿಲ್ಲ. ‘ಬೇರೆ ಇಡುವುದು’ ಎಂಬ ಮಾತು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಕೂಡು ಕುಟುಂಬದ ವ್ಯವಹಾರದಲ್ಲಿ ಸೊಸೆಯೊಬ್ಬಳು ಬಾಯಿಬಿಟ್ಟು ಹೇಳಬಹುದಾದ ಅತ್ಯಂತ ದೊಡ್ಡ ಕಷ್ಟವೇ ಅದು. ಅದಕ್ಕಿಂತ ದೊಡ್ಡ ಕಷ್ಟವನ್ನು ಹೇಳುವ ಮಾತು ಅವಳಿಗೆ ಹಡೆದವರ ಮನೆಯಲ್ಲಿಯೂ ದೊರೆಯಲಿಲ್ಲ.

ನಿಜವನ್ನು ಕೇಳುವವಳು ಗೆಳತಿಯೊಬ್ಬಳೇ. ಅವಳಾದರೂ ಕೊಡುವುದಾದರೆ ಕೊಡಲಿ, ಇಟ್ಟ ಹಾಗೆ ಇರಬೇಕು ಎಂಬರ್ಥದ ಮಾತನ್ನಾಡುತ್ತಾಳೆ. ಇದನ್ನು ಧರ್ಮೋಪದೇಶವೆಂದು ತಿಳಿದವರುಂಟು. ನಮಗೆ ಹಾಗೆ ತೋರುವುದಿಲ್ಲ. ಗೆಳತಿಯೂ ಯಾವುದೋ ಮನೆಗೆ ‘ಕೊಟ್ಟ’ ಹೆಣ್ಣೇ. ಅವಳ ಮಾತು ಉಪದೇಶವಲ್ಲ, ಅನುಭವ. ತಪ್ಪಿಸಿಕೊಳ್ಳುವ ದಾರಿಯಿಲ್ಲವೆಂದು ಬಲ್ಲವಳ ಮಾತು.

ಇಲ್ಲಿ ‘ಕೊಡು’ ಎಂಬ ಕ್ರಿಯಾಪದವನ್ನು ಗಮನಿಸತಕ್ಕದ್ದು. ಕನ್ನಡದಲ್ಲಿ ಹೆಣ್ಣನ್ನು ಮದುವೆ ಮಾಡುವುದಕ್ಕೂ ‘ಕೊಡುವುದು’ ಎಂದೇ ಹೆಸರು. ಯಾವ ಊರಿಗೆ ಕೊಟ್ಟಿದ್ದೀರಿ ಎಂದೇ ನಾವು ಕೇಳುತ್ತೇವೆ. ತವರು ಗಂಡನ ಮನೆಗೆ ಕೊಟ್ಟಿತು. ಗಂಡನ ಮನೆ ಕೆರೆಗೆ ಕೊಟ್ಟಿತು. ಎರಡನೆಯ ಕೊಡುವಿಕೆಗೆ ಮೊದಲನೆಯದೇ ದಾರಿ ಮಾಡಿಕೊಟ್ಟಂತಿದೆ. ಪದದಲ್ಲಿ ಅತ್ತೆಮಾವಂದಿರು ರಾಕ್ಷಸರಾಗಿ ಕಾಣಿಸಿಕೊಳ್ಳುವುದಿಲ್ಲ. ಅವರ ಮಾತು ದಿನದ ಮನೆಮಾತು. ಅಡಿಗೆ, ಸ್ನಾನ, ಪೂಜೆ, ಬುತ್ತಿ ಎಲ್ಲವೂ ಹಬ್ಬದ ಸಿದ್ಧತೆಯಂತೆಯೇ ನಡೆಯುತ್ತದೆ. ಈ ಸಹಜತೆಯೇ ಪದದ ಭೀಕರತೆ. ಮಾತುಗಳು ಮರುಕಳಿಸುವ ಧಾಟಿಯೂ ಅದಕ್ಕೆ ಸಹಾಯಕವಾಗಿದೆ. ಹಾಡು ಒಮ್ಮೆಯೂ ದನಿಯೆತ್ತುವುದಿಲ್ಲ. ಕೇಳುವವರ ಎದೆ ಮಾತ್ರ ಭಾರವಾಗುತ್ತ ಹೋಗುತ್ತದೆ.

ಇನ್ನು ಸಾವಿನ ಗಳಿಗೆಯ ಚಿತ್ರ. ಭಾಗೀರಥಿ ಕೆರೆಗೆ ಹಾರುವುದಿಲ್ಲ. ಬಟ್ಟಲನ್ನು ಹಿಡಿದು ಮೆಟ್ಟಿಲನ್ನು ಏರುತ್ತಿದ್ದಾಳೆ. ಅವಳ ಮುಖ ಮನೆಯ ಕಡೆಗೆ, ಬೆನ್ನು ನೀರಿನ ಕಡೆಗೆ. ಒಂದೊಂದು ಮೆಟ್ಟಿಲಿಗೂ ನೀರು ಬೆನ್ನಟ್ಟಿ ಬರುತ್ತದೆ. ಒಪ್ಪಿ ಪ್ರಾಣ ಬಿಡುವವರ ಚಿತ್ರ ಹೀಗಿರಲಾರದು. ಹೆಸರಿನಲ್ಲಿರುವ ‘ಹಾರ’ ಶಬ್ದವು ಕಿವಿಗೆ ‘ಹಾರು’ ಎಂಬ ಧಾತುವನ್ನೂ ನೆನಪಿಗೆ ತರುತ್ತದಷ್ಟೆ. ಆದರೆ ಪದದಲ್ಲಿ ನಿಜವಾಗಿ ಹಾರುವವನು ಒಬ್ಬನೇ: ಮಾದೇವರಾಯ. ಅವನನ್ನು ಯಾರೂ ಕೇಳಲಿಲ್ಲ, ಯಾರೂ ಕಳುಹಿಸಲಿಲ್ಲ. ಕೆರೆ ಆಗಲೇ ತುಂಬಿದೆ. ಅವನ ಸಾವಿನಿಂದ ಊರಿಗೆ ಒಂದು ಕೊಡ ನೀರೂ ಹೆಚ್ಚಾಗಿ ದೊರೆಯುವುದಿಲ್ಲ. ಪದದಲ್ಲಿ ಎರಡು ಸಾವುಗಳಿವೆ. ಒಂದು ಬಲಿ, ಇನ್ನೊಂದು ಆತ್ಮಾರ್ಪಣ. ಬಲಿಯಿಂದ ಲಾಭವುಂಟು, ಇಚ್ಛೆಯಿಲ್ಲ. ಆತ್ಮಾರ್ಪಣದಲ್ಲಿ ಇಚ್ಛೆಯುಂಟು, ಲಾಭವಿಲ್ಲ. ಎರಡನೆಯದು ಮೊದಲನೆಯದರ ಮೇಲೆ ಹಾಡು ಕೊಟ್ಟ ತೀರ್ಪು. ಗೌಡನ ಲೆಕ್ಕದಲ್ಲಿ ಒಬ್ಬ ಸೊಸೆ ಹೋಗಿ ಕೆರೆ ಬಂದಿತು. ಹಾಡಿನ ಲೆಕ್ಕದಲ್ಲಿ ಮಗನೂ ಹೋದನು.

೪

ಇದಕ್ಕೆ ಪ್ರತಿಯಾಗಿ ತ್ಯಾಗಪಕ್ಷದವರು ಹೇಳಬಹುದಾದುದನ್ನು ನ್ಯಾಯವಾಗಿ ಪರಿಶೀಲಿಸಬೇಕು. ಭಾಗೀರಥಿ ತನ್ನ ಕಾಲಮೇಲೆಯೇ ಮರಳಿ ಬಂದಳು. ತವರಿನಲ್ಲಿ ನಿಂತುಬಿಡಬಹುದಿತ್ತು, ನಿಲ್ಲಲಿಲ್ಲ. ಬಟ್ಟಲನ್ನು ತರಲು ಹೋಗುವಾಗ ಅದರ ಅರ್ಥ ಅವಳಿಗೆ ತಿಳಿದಿತ್ತು. ಬರದ ನಾಡಿನಲ್ಲಿ ಕೆರೆಯೆಂದರೆ ಸಾವಿರ ಜೀವ. ಈ ಮಾತುಗಳಲ್ಲಿ ತಿರುಳಿಲ್ಲವೆಂದು ನಾವು ಹೇಳುವುದಿಲ್ಲ. ಅವಳಲ್ಲಿ ಧೈರ್ಯವಿದೆ, ಘನತೆಯಿದೆ. ಕೇಳುವವರು ಅವಳಿಗೆ ಕೈಮುಗಿಯುವುದೂ ಸಹಜವೇ. ಆದರೆ ಘನತೆಯಿಂದ ಸತ್ತಳೆಂಬುದು ಬೇರೆ. ಸಾಯಲು ಒಪ್ಪಿದಳೆಂಬುದು ಬೇರೆ. ಅವಳ ಒಪ್ಪಿಗೆಯನ್ನು ಯಾರೂ ಕೇಳಲೇ ಇಲ್ಲ. ಕೇಳಿದ್ದರೆ ಬಟ್ಟಲನ್ನು ಮರೆತು ಬರುವ ಹೂಟವೇ ಬೇಕಾಗುತ್ತಿರಲಿಲ್ಲ. ಮಗನಿಗೆ ಸುಳ್ಳು ಹೇಳುವ ಕಾರಣವೂ ಇರುತ್ತಿರಲಿಲ್ಲ. ತ್ಯಾಗವಾಗಿದ್ದರೆ ಮನೆಯವರು ಅದನ್ನು ಹೆಮ್ಮೆಯಿಂದ ಹೇಳಬಹುದಿತ್ತು. ಮುಚ್ಚಿಡಬೇಕಾದುದೇ ಅದು ತ್ಯಾಗವಲ್ಲವೆಂಬುದಕ್ಕೆ ಪದವು ಒಡ್ಡುವ ಸಾಕ್ಷಿ.

೫

ಇಂಥ ಕಥೆ ಕನ್ನಡಕ್ಕೆ ಮೀಸಲಾದುದಲ್ಲ. ಅನಂತಪುರದ ಬಳಿಯ ಬುಕ್ಕರಾಯಸಮುದ್ರದ ಕೆರೆಯ ಕಟ್ಟೆಗಾಗಿ ಪ್ರಾಣ ತೆತ್ತ ಸೊಸೆ ಮುಸಲಮ್ಮನ ಐತಿಹ್ಯವನ್ನು ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು ೧೮೯೯ರಲ್ಲಿ ‘ಮುಸಲಮ್ಮ ಮರಣಂ’ ಎಂಬ ತೆಲುಗು ಕಾವ್ಯವಾಗಿಸಿದರು. ಹಿಮಾಲಯದ ಚಂಬಾ ಪಟ್ಟಣದಲ್ಲಿ ನೀರಿನ ಕಾಲುವೆಗಾಗಿ ಜೀವಂತ ಸಮಾಧಿಯಾದ ರಾಣಿಯ ನೆನಪಿಗೆ ಜಾತ್ರೆ ನಡೆಯುತ್ತದೆ. ಕ್ಯಾಂಪ್‌ಬೆಲ್ ೧೮೯೧ರಲ್ಲಿ ಪ್ರಕಟಿಸಿದ ಸಂತಾಲರ ಕಥೆಗಳಲ್ಲಿ ಏಳು ಜನ ಅಣ್ಣಂದಿರು ತಮ್ಮ ಒಣಕೆರೆಗೆ ತಂಗಿಯನ್ನು ಕೊಡುತ್ತಾರೆ. ಅಲ್ಲಿಯೂ ನೀರು ಪಾದದಿಂದ ಮೇಲೇರುತ್ತ ಬರುತ್ತದೆ. ಕನ್ನಡನಾಡಿಗೂ ಸಂತಾಲರ ಸೀಮೆಗೂ ಇರುವ ದೂರವನ್ನು ನೆನೆದರೆ ಈ ಸಾಮ್ಯ ಬೆರಗುಗೊಳಿಸುವಂಥದು.

ಯುರೋಪಿನ ಬಾಲ್ಕನ್ ಸೀಮೆಯಲ್ಲಿ ಇದೇ ಕಥೆ ಕಟ್ಟಡದ ಕಥೆಯಾಗಿದೆ. ಹಗಲು ಕಟ್ಟಿದ ಗೋಡೆ ಇರುಳು ಬೀಳುತ್ತದೆ; ಬುತ್ತಿ ತರುವ ಹೆಂಡತಿಯನ್ನು ಗೋಡೆಯಲ್ಲಿಟ್ಟು ಕಟ್ಟಿದ ಮೇಲೆ ನಿಲ್ಲುತ್ತದೆ. ಸರ್ಬಿಯದಲ್ಲಿ ಅದು ವುಕ್ ಕರಾಜಿಚ್ ಸಂಗ್ರಹಿಸಿದ ಸ್ಕಾದರ್ ಕೋಟೆಯ ಹಾಡು. ರೊಮೇನಿಯದಲ್ಲಿ ವಸಿಲೆ ಅಲೆಕ್ಸಾಂದ್ರಿ ೧೮೫೨ರಲ್ಲಿ ಪ್ರಕಟಿಸಿದ ಮನೋಲೆಯ ಹಾಡು. ಗ್ರೀಸಿನಲ್ಲಿ ಆರ್ತಾ ಸೇತುವೆಯ ಹಾಡು. ಹಂಗೆರಿಯಲ್ಲಿ ದೇವಾ ಕೋಟೆಯ ಹಾಡು. ಯಾಕೋಬ್ ಗ್ರಿಮ್ ಸರ್ಬಿಯದ ಹಾಡನ್ನು ಬಹುವಾಗಿ ಮೆಚ್ಚಿದನು. ಗಯಟೆಗೆ ಅದು ಹೇಸಿಗೆ ಹುಟ್ಟಿಸಿತು. ನಮ್ಮಲ್ಲಿರುವ ಎರಡು ಪಕ್ಷಗಳು ಅಲ್ಲಿಯೂ ಇದ್ದವೆಂಬುದು ಇದರಿಂದ ತಿಳಿಯುತ್ತದೆ.

ಆದರೆ ಅಲ್ಲಿನ ವಿದ್ವಾಂಸರ ಶ್ರಮದ ಬಹುಭಾಗವು ಹಾಡು ಯಾವ ಜನಾಂಗದಲ್ಲಿ ಹುಟ್ಟಿತೆಂಬ ಚರ್ಚೆಯಲ್ಲಿಯೇ ವ್ಯಯವಾಯಿತು. ಒಂದೊಂದು ರಾಷ್ಟ್ರದವರೂ ತಮ್ಮದೇ ಮೂಲವೆಂದರು. ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡೆಸ್ ೧೯೯೫ರಲ್ಲಿ ಬರೆದ ಲೇಖನವೊಂದರಲ್ಲಿ, ಭಾರತದ ಸಮಾನಕಥೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಈ ವಾದಗಳು ಸಂಕುಚಿತ ರಾಷ್ಟ್ರಾಭಿಮಾನದ ಫಲವೆಂದು ತೋರಿಸಿಕೊಟ್ಟನು. ಈ ಎಚ್ಚರಿಕೆ ನಮಗೂ ಅನ್ವಯಿಸುತ್ತದೆ. ಬಾಲ್ಕನ್ನರ ಕೈಯಿಂದ ಹಾಡನ್ನು ಕಿತ್ತುಕೊಂಡು ಭಾರತದ್ದೆಂದೋ ಕನ್ನಡದ್ದೆಂದೋ ಸಾರುವುದು ಅದೇ ದೋಷದ ಇನ್ನೊಂದು ರೂಪವಾದೀತು. ಹೋಲಿಕೆಯ ಪ್ರಯೋಜನ ಹಕ್ಕುಸ್ಥಾಪನೆಯಲ್ಲ. ನಮ್ಮ ಪದದ ವೈಶಿಷ್ಟ್ಯವನ್ನು ಕಾಣುವುದು. ಬಾಲ್ಕನ್ ಹಾಡುಗಳಲ್ಲಿ ಗೋಡೆ ಮೈಮೇಲೆ ಏರುವವರೆಗೆ ಹೆಂಡತಿಗೆ ಏನೂ ತಿಳಿಯದು. ಗಂಡ ಸ್ಥಳದಲ್ಲಿದ್ದಾನೆ, ಬಲಿಯಲ್ಲಿ ಭಾಗಿಯಾಗಿದ್ದಾನೆ. ಕನ್ನಡದಲ್ಲಿ ಹೆಂಡತಿಗೆ ತಿಳಿದಿದೆ, ಗಂಡನಿಗೆ ತಿಳಿಯದು. ಅಲ್ಲಿ ದುಃಖದ ಕೇಂದ್ರ ಕಟ್ಟುವವನ ಸಂಕಟ. ಕಲೆಗಾಗಿ ತೆರಬೇಕಾದ ಬೆಲೆಯೆಂಬ ತತ್ತ್ವ ಅದರಿಂದ ಹೊರಟಿತು. ಇಲ್ಲಿ ಕೇಂದ್ರ ಸಾಯುವವಳ ಒಳಗಿನ ತಿಳಿವು. ಬೀಸುವ ಹೆಂಗಸರು ಕಾಪಾಡಿಕೊಂಡು ಬಂದ ಪರಂಪರೆಯ ಮುದ್ರೆ ಇದೇ ಎಂದು ನಮಗೆ ತೋರುತ್ತದೆ.

೬

ಬೀದರದ ನೆಲಕ್ಕೆ ಬರೋಣ. ಜಂಬಿಟ್ಟಿಗೆಯ ಎತ್ತರದ ಪ್ರಸ್ಥಭೂಮಿಯ ಮೇಲೆ ನಿಂತ ಈ ನಗರದ ಚರಿತ್ರೆಯೆಂದರೆ ಬಹುಮಟ್ಟಿಗೆ ನೀರನ್ನು ಹುಡುಕಿದ ಚರಿತ್ರೆ. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಶಹನು ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದನು. ಆ ಕಾಲದ ನೆನಪಾಗಿ ನೌಬಾದದ ಕರೇಜು ಉಳಿದಿದೆ. ಇರಾನದ ಪದ್ಧತಿಯಂತೆ ನೆಲದೊಳಗೆ ಸುರಂಗ ತೋಡಿ, ನಡುನಡುವೆ ಬಾವಿಗಳನ್ನು ಇಳಿಸಿ, ಇಳಿಜಾರಿನ ಬಲದಿಂದಲೇ ನೀರನ್ನು ಹರಿಸಿದ ಕೆಲಸವದು. ಒಣಗಿದ ಕೆರೆಯ ಮುಂದೆ ಗೌಡನು ಹೊತ್ತಿಗೆಯನ್ನು ಕೇಳಿದನು. ಇಲ್ಲಿ ಕೇಳಿದುದು ನೆಲವನ್ನು. ಇದೇ ನಗರದ ನಾನಕ ಝರಾದ ಐತಿಹ್ಯದಲ್ಲಿ, ಸಿಹಿನೀರಿಗಾಗಿ ಕಂಗೆಟ್ಟ ಜನರ ಮೊರೆಯನ್ನು ಕೇಳಿದ ಗುರು ನಾನಕರು ಕಲ್ಲನ್ನು ಸರಿಸಿದಾಗ ಬೆಟ್ಟದಡಿಯಿಂದ ನೀರು ಚಿಮ್ಮಿತಂತೆ. ಒಂದು ಚರಿತ್ರೆ, ಇನ್ನೊಂದು ಐತಿಹ್ಯ. ಆದರೆ ಎರಡರಲ್ಲಿಯೂ ನೀರು ಜೀವದ ಬೆಲೆಯನ್ನು ಕೇಳಲಿಲ್ಲ.

ಬಲಿದಾನದ ಕಥೆಯೂ ಬೀದರಕ್ಕೆ ಹೊಸದಲ್ಲ. ೧೬೯೯ರಲ್ಲಿ ಆನಂದಪುರದಲ್ಲಿ ಗುರು ಗೋವಿಂದಸಿಂಹರು ನೆರೆದ ಜನರ ಮುಂದೆ ತಲೆಯನ್ನು ಕೇಳಿದಾಗ ಎದ್ದು ನಿಂತ ಐವರಲ್ಲಿ ಬೀದರದ ಸಾಹಿಬಸಿಂಹನೂ ಒಬ್ಬನು. ಅಲ್ಲಿ ಕೇಳಿದುದು ಬಹಿರಂಗವಾಗಿ, ಕೇಳಿದುದು ಎಲ್ಲರನ್ನೂ, ಏಳದೆ ಕುಳಿತಿರುವ ಸ್ವಾತಂತ್ರ್ಯ ಪ್ರತಿಯೊಬ್ಬನಿಗೂ ಇದ್ದಿತು. ಕಲ್ಲನಕೇರಿಯಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ. ನಿಶ್ಚಯವಾದುದು ಗುಟ್ಟಿನಲ್ಲಿ; ಆರಿಸಿದುದು ಎಲ್ಲರಿಗಿಂತ ಕಿರಿಯಳನ್ನು; ಒಲ್ಲೆನೆನ್ನುವ ಅವಕಾಶ ಹಿರಿಯರಿಗೆ ಮಾತ್ರ. ಬಲಿದಾನಕ್ಕೂ ಬಲಿಗೂ ಇರುವ ಅಂತರವನ್ನು ವಿದ್ಯಾರ್ಥಿಗಳಿಗೆ ತಿಳಿಸಲು ಈ ಎರಡು ಕಥೆಗಳನ್ನು ಜೊತೆಗೆ ಹೇಳುವುದಕ್ಕಿಂತ ಉತ್ತಮ ಉಪಾಯವಿಲ್ಲ.

೭

ಈಗ ರಾಷ್ಟ್ರೀಯ ಮಹತ್ವದ ಮಾತು. ಜನಪದ ಗೀತಗಳ ಸಂಗ್ರಹಕಾರ್ಯ ನಮ್ಮಲ್ಲಿ ಬಲಗೊಂಡುದು ಏಕೀಕರಣದ ಹಂಬಲ ಬೆಳೆಯುತ್ತಿದ್ದ ಕಾಲದಲ್ಲಿ. ಹಲಸಂಗಿ ಗೆಳೆಯರ ‘ಗರತಿಯ ಹಾಡು’ ೧೯೩೧ರಲ್ಲಿ ಹೊರಬಂದಿತು. ಹಂಚಿಹೋದ ನಾಡಿಗೆ ತಾನೊಂದೆಂಬ ಅರಿವು ಈ ಹಾಡುಗಳಿಂದ ದೊರೆಯಿತು. ನಿಜಾಮರ ಆಳಿಕೆಯಲ್ಲಿದ್ದ ಬೀದರಕ್ಕೆ ಈ ಅರಿವು ಇನ್ನೂ ಅಮೂಲ್ಯವಾಗಿತ್ತು. ಆಡಳಿತದ ಭಾಷೆಯೂ ಶಿಕ್ಷಣದ ಭಾಷೆಯೂ ಉರ್ದುವಾಗಿದ್ದ ಕಾಲದಲ್ಲಿ, ಔರಾದ ಸೀಮೆಯ ಕಮಲನಗರದಲ್ಲಿ ಹುಟ್ಟಿದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿ ನಾಡಿಗೆಲ್ಲ ತಿಳಿದಿದೆ. ಶಾಲೆಯ ಹೊರಗೆ ಕನ್ನಡವನ್ನು ಕಾಯ್ದವರು ಬೀಸುತ್ತ, ಕುಟ್ಟುತ್ತ, ತೊಟ್ಟಿಲು ತೂಗುತ್ತ ಹಾಡಿದ ಹೆಂಗಸರು. ೧೯೪೮ರಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ಸೇರಿತು. ೧೯೫೬ರಲ್ಲಿ ಬೀದರ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋಗಿ ಬೀದರ, ಭಾಲ್ಕಿ, ಔರಾದಗಳು ಕನ್ನಡನಾಡಿನಲ್ಲಿ ಉಳಿದವು. ಮರಾಠಿ, ತೆಲುಗು, ಉರ್ದುಗಳೊಡನೆ ಬಾಳುವ ಈ ಗಡಿಸೀಮೆಗೆ ಭಾಗೀರಥಿಯ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೊಸೆಯ ಕಣ್ಣೀರು ಯಾವ ಭಾಷೆಯಲ್ಲಿ ಹರಿದರೂ ಇಲ್ಲಿ ತಿಳಿಯುತ್ತದೆ.

ನಾಡು ಹೀಗೆ ಈ ಹಾಡುಗಳಿಂದ ಬಲ ಪಡೆಯಿತು. ಆ ಋಣವನ್ನು ತೀರಿಸುವ ಬಗೆ ಯಾವುದು? ಭಾಗೀರಥಿಯನ್ನು ತ್ಯಾಗಮೂರ್ತಿಯೆಂದು ಹೊಗಳಿ, ನಾಡಿಗಾಗಿ ಹೀಗೆಯೇ ಸಾಯಬೇಕೆಂದು ಕಲಿಸುವುದು ಒಂದು ಬಗೆ. ಅದು ಗೌಡನ ಓದು. ಎಲ್ಲರ ಹಿತಕ್ಕಾಗಿ ಕೆಲವರು ಕಷ್ಟಪಡಬೇಕೆಂಬ ಮಾತು ರಾಷ್ಟ್ರ ಕಟ್ಟುವ ಕಾಲದಲ್ಲಿ ಸಹಜವಾಗಿ ಬಾಯಿಗೆ ಬರುತ್ತದೆ. ಆ ಕೆಲವರು ಯಾರೆಂಬುದನ್ನು ಗೊತ್ತುಮಾಡುವವರು ಮಾತ್ರ ಎಂದಿಗೂ ಆ ಕೆಲವರಾಗಿರುವುದಿಲ್ಲ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಕಾರಂಜಾ ಹೊಳೆಗೆ ಕಟ್ಟಿದ ಜಲಾಶಯ ಈ ಜಿಲ್ಲೆಗೆ ಬೇಕಾದ ನೀರನ್ನು ಕೊಟ್ಟಿದೆ. ಅದಕ್ಕಾಗಿ ಹೊಲ ಕಳೆದುಕೊಂಡ ರೈತರು ತಕ್ಕ ಪರಿಹಾರಕ್ಕಾಗಿ ದೀರ್ಘಕಾಲ ಹೋರಾಡಬೇಕಾಯಿತು. ಜಲಾಶಯ ಬೇಡವೆಂದು ಯಾರೂ ಹೇಳಲಾರರು. ಔರಾದದಂಥ ಮಳೆಯನ್ನೇ ನಂಬಿದ ಸೀಮೆಯಲ್ಲಿ ನೀರು ಬೇಡವೆನ್ನುವುದು ಹೇಗೆ? ಹಾಡೂ ಕೆರೆ ಬೇಡವೆನ್ನುವುದಿಲ್ಲ. ಕೆರೆಯ ಬೆಲೆಯನ್ನು ಯಾರು ತೆತ್ತರು, ಅವರನ್ನು ಕೇಳಿದಿರಾ, ಕೇಳದೆ ಪಡೆದುದನ್ನು ಏನೆಂದು ಕರೆದಿರಿ ಎಂಬ ಮೂರು ಪ್ರಶ್ನೆಗಳನ್ನು ಮಾತ್ರ ಅದು ತುಂಬಿದ ಕೆರೆಯ ದಂಡೆಯಲ್ಲಿ ನಿಲ್ಲಿಸಿ ಹೋಗುತ್ತದೆ.

ಆದುದರಿಂದ ‘ಕೆರೆಗೆ ಹಾರ’ದ ರಾಷ್ಟ್ರೀಯ ಮಹತ್ವವು ಅದು ತ್ಯಾಗವನ್ನು ಬೋಧಿಸುತ್ತದೆಂಬುದರಲ್ಲಿಲ್ಲ, ತ್ಯಾಗವೆಂಬ ದೊಡ್ಡ ಹೆಸರಿನ ಕೆಳಗೆ ಬಲಿಯನ್ನು ಅಡಗಿಸಲು ಅದು ಬಿಡುವುದಿಲ್ಲವೆಂಬುದರಲ್ಲಿದೆ. ಹಿರಿಯರು ಮುಚ್ಚಿಟ್ಟುದನ್ನು ಹೆಂಗಸರು ಹಾಡಾಗಿ ಉಳಿಸಿದರು. ಹಾಡಿಲ್ಲದಿದ್ದರೆ ಕಲ್ಲನಕೇರಿಯಲ್ಲಿ ಉಳಿಯುತ್ತಿದ್ದುದು ಕೆರೆ ಕಟ್ಟಿಸಿದ ಗೌಡನ ಹೆಸರೊಂದೇ. ಹಾಡು ಇರುವುದರಿಂದ ಭಾಗೀರಥಿಯ ಹೆಸರು ಉಳಿದಿದೆ. ತರಗತಿಯಲ್ಲಿ ಈ ಪದವನ್ನು ಹೇಳಿಕೊಡುವ ಅಧ್ಯಾಪಕರು ಮಾಲೆಯ ಅರ್ಥವನ್ನು ತಿಳಿಸಿದ ಮೇಲೆ ತುತ್ತಿನ ಅರ್ಥವನ್ನೂ ತಪ್ಪದೆ ತಿಳಿಸುವುದು ಉಚಿತ.